ನಿಯಮ ಪುಸ್ತಕವೇ ಪಠ್ಯಪುಸ್ತಕ

ಬಟ್ಟೆ ಒಗೆಯುವ ಮಷಿನ್, ಆಟೊ ಮೀಟರ್, ಬಸ್ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷಿನ್, ಕರೆಂಟ್ ಬಿಲ್ ಕೊಡಲು ಬರುವವರ ಹೆಗಲಿಗೆ ನೇತಾಡುವ ಪುಟ್ಟ ಪೆಟ್ಟಿಗೆ, ಇವೆಲ್ಲದರ ಒಳಗೂ ಒಂದೊಂದು ಚಿಕ್ಕ ಕಂಪ್ಯೂಟರ್ ಇದೆ. ಅದಕ್ಕೆ ಸಿನಿಮಾ ತೋರಿಸುವ, ಮೇಲ್ ಕಳಿಸುವ ಕೆಲಸವಿಲ್ಲ. ಒಂದೇ ಕೆಲಸವನ್ನು ದಿನವಿಡೀ ತಪ್ಪದೆ ಮಾಡಿದರೆ ಸಾಕು. ಯಂತ್ರದೊಳಗೇ ಹುದುಗಿರುವ ಇಂಥ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ಸುತ್ತಲಿನದನ್ನು ತಿಳಿಯಲು ಅದಕ್ಕೆ ಸೆನ್ಸರ್ ಜೋಡಿಸಿ, ಓಡಾಡಲು ಮೋಟಾರು ಮತ್ತು ಚಕ್ರ ಕೊಟ್ಟರೆ ರೋಬೋಟ್ ಆಗುತ್ತದೆ.

ರೋಬೋಟ್ ಎಂದ ಕೂಡಲೇ ನಮ್ಮಂಥ ಕಾಲೇಜುಗಳ ಪತ್ರಿಕೆಗಳಲ್ಲಿ ಅಲ್ ಜಝರಿಯ ಹೆಸರು ಬಂದೇ ಬರುತ್ತದೆ. 1206ರಲ್ಲಿ ಅವರು ಬರೆದು ಮುಗಿಸಿದ ಗ್ರಂಥದಲ್ಲಿ ನೀರಿನಿಂದ ನಡೆಯುವ ಗಡಿಯಾರಗಳೂ ತಾವಾಗಿಯೇ ವಾದ್ಯ ನುಡಿಸುವ ಬೊಂಬೆಗಳೂ ಇದ್ದವು ಎಂದು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿಯೇ. ಆದರೆ ಆ ಗ್ರಂಥದ ವಿಶೇಷವೆಂದರೆ ಯಂತ್ರವನ್ನು ಹೇಗೆ ಕಟ್ಟಬೇಕು ಎಂದು ಅಳತೆ ಸಹಿತ ಹೇಳಿರುವುದು. ನಾವು ಹೆಸರು ಹೇಳುತ್ತೇವೆ, ಕಟ್ಟುವುದಿಲ್ಲ. ಕಟ್ಟುತ್ತಾ ಕಲಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಎಂಬೆಡೆಡ್ ರೊಬೊಟಿಕ್ಸ್ ಕಲಿಸುವುದು ಕಷ್ಟದ ಕೆಲಸ. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇದೆ, ಮೆಕ್ಯಾನಿಕಲ್ ಇದೆ, ಪ್ರೋಗ್ರಾಮಿಂಗ್ ಇದೆ. ತರಗತಿಯಲ್ಲಿ ಇವು ಬೇರೆ ಬೇರೆ ಪೀರಿಯಡ್, ಬೇರೆ ಬೇರೆ ನೋಟ್‌ಬುಕ್. ರೋಬೋಟಿನಲ್ಲಿ ಮಾತ್ರ ಎಲ್ಲವೂ ಒಂದೇ ಕ್ಷಣದಲ್ಲಿ ಒಟ್ಟಿಗೆ ಸರಿಯಾಗಿರಬೇಕು. ಒಂದು ಸ್ಕ್ರೂ ಸಡಿಲವಾದರೂ ಕೋಡ್ ತಪ್ಪಿದಂತೆಯೇ ಕಾಣುತ್ತದೆ. ಈ ತೊಡಕಿಗೆ ಹಲವು ಕಾಲೇಜುಗಳು ಕಂಡುಕೊಂಡ ದಾರಿ ಸ್ಪರ್ಧೆ. ಪಾಠ ಮುಗಿಸಿ ಕೊನೆಗೊಂದು ಸ್ಪರ್ಧೆ ಇಡುವುದಲ್ಲ, ಸ್ಪರ್ಧೆಯನ್ನೇ ಪಾಠವಾಗಿಸುವುದು.

ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಎಂಐಟಿ. ಅಲ್ಲಿ ವಿಭಾಗಗಳಿಗೂ ಕೋರ್ಸುಗಳಿಗೂ ಸಂಖ್ಯೆಯೇ ಹೆಸರು. 2 ಎಂದರೆ ಮೆಕ್ಯಾನಿಕಲ್, 6 ಎಂದರೆ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್. 1970ರ ದಶಕದಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು 2.70 ಎಂಬ ವಿನ್ಯಾಸದ ಕೋರ್ಸನ್ನು ಸ್ಪರ್ಧೆಯ ಸುತ್ತ ಬೆಳೆಸಿದರು. ಪ್ರತಿ ವಿದ್ಯಾರ್ಥಿಗೂ ಒಂದೇ ಬಗೆಯ ಚಿಲ್ಲರೆ ಸಾಮಾನುಗಳ ಗಂಟು. ಅದರಿಂದಲೇ ಒಂದು ಯಂತ್ರ ಕಟ್ಟಬೇಕು, ಕೊನೆಗೆ ಎಲ್ಲರೆದುರು ಇನ್ನೊಬ್ಬರ ಯಂತ್ರದ ವಿರುದ್ಧ ಆಡಿಸಬೇಕು. ಮೆಕ್ಯಾನಿಕಲ್‌ನವರಿಗೆ ಸಿಕ್ಕಿದ ಈ ಮಜಾ ತಮಗೂ ಬೇಕೆಂದು 6ನೇ ವಿಭಾಗದ ವಿದ್ಯಾರ್ಥಿಗಳು 1980ರ ದಶಕದ ಕೊನೆಯ ಹೊತ್ತಿಗೆ ತಾವೇ ಒಂದು ಸ್ಪರ್ಧೆ ಶುರು ಮಾಡಿದರು. ಎರಡೂ ಸಂಖ್ಯೆ ಸೇರಿಸಿ 6.270 ಎಂದು ಹೆಸರಿಟ್ಟರು. ಜನವರಿ ರಜೆಯಲ್ಲಿ ನಡೆಯುತ್ತಿದ್ದ, ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕೋರ್ಸ್ ಅದು. ಲೆಗೊ ತುಂಡುಗಳು, ಮೋಟಾರು, ಸೆನ್ಸರ್, ಒಂದು ಕಂಟ್ರೋಲರ್ ಬೋರ್ಡ್, ಇಷ್ಟೇ ಬಂಡವಾಳ. ರಿಮೋಟ್ ಹಿಡಿಯುವಂತಿರಲಿಲ್ಲ. ಮೇಜಿನ ಕೆಳಗೆ ದೀಪ ಹೊತ್ತಿಕೊಂಡಾಗ ರೋಬೋಟ್ ತಾನೇ ಅದನ್ನು ಕಂಡು ಹೊರಡಬೇಕಿತ್ತು, 60 ಸೆಕೆಂಡ್ ತಾನೇ ಯೋಚಿಸಿ ಆಡಬೇಕಿತ್ತು.

ದೀಪ ಕಂಡು ಹೊರಡಬೇಕು ಎಂಬ ಆ ಒಂದು ನಿಯಮವನ್ನೇ ನೋಡಿ. ಅದನ್ನು ಪಾಲಿಸಬೇಕಾದರೆ ವಿದ್ಯಾರ್ಥಿ ಬೆಳಕಿನ ಸೆನ್ಸರ್ ಜೋಡಿಸಲು ಕಲಿಯಬೇಕು, ಅದು ಕೊಡುವ ಸಂಖ್ಯೆಯನ್ನು ಓದಲು ಕಲಿಯಬೇಕು, ಕೋಣೆಯ ಬೆಳಕಿಗೂ ಮೇಜಿನ ದೀಪಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ಯೋಚಿಸಬೇಕು. ಅದೊಂದು ಇಡೀ ಅಧ್ಯಾಯ. ಯಾರೂ ಅದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ, ನಿಯಮವೇ ಕಲಿಸಿತು. 60 ಸೆಕೆಂಡಿಗೆ ನಿಲ್ಲಬೇಕು ಎಂದರೆ ಟೈಮರ್ ಎಂಬ ಇನ್ನೊಂದು ಅಧ್ಯಾಯ. ಎದುರಾಳಿಗೆ ಡಿಕ್ಕಿಯಾದರೆ ಏನು ಮಾಡಬೇಕು ಎಂದರೆ ಮತ್ತೊಂದು. ಒಳ್ಳೆಯ ಸ್ಪರ್ಧೆಯ ನಿಯಮ ಪುಸ್ತಕವೇ ಪಠ್ಯಪುಸ್ತಕ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಭಾರತದಲ್ಲಿ ಇದೇ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ಐಐಟಿ ಬಾಂಬೆಯ ಇ-ಯಂತ್ರ ಯೋಜನೆ. ಕಂಪ್ಯೂಟರ್ ಸೈನ್ಸ್ ವಿಭಾಗದ ಪ್ರೊ. ಕವಿ ಆರ್ಯ ಅವರ ನೇತೃತ್ವದ, ಕೇಂದ್ರ ಶಿಕ್ಷಣ ಸಚಿವಾಲಯದ ಹಣದಿಂದ ನಡೆಯುವ ಯೋಜನೆ ಇದು. 2012ರಿಂದ ಇದರ ರೊಬೊಟಿಕ್ಸ್ ಸ್ಪರ್ಧೆ ನಡೆಯುತ್ತಿದೆ. ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಲ್ವರ ತಂಡ ಕಟ್ಟಿ ಸೇರುತ್ತಾರೆ. ಆಯ್ಕೆಯಾದ ತಂಡಕ್ಕೆ ರೋಬೋಟ್ ಕಿಟ್ ಅವರ ಕಾಲೇಜಿಗೇ ಬರುತ್ತದೆ, ಜೊತೆಗೆ ಪಾಠದ ವಿಡಿಯೋಗಳು. ಒಂದು ಥೀಮ್ ಕೊಡುತ್ತಾರೆ. ಗದ್ದೆಯಲ್ಲಿ ಸಸಿ ನೆಡುವುದು, ಹಣ್ಣು ಕೀಳುವುದು, ಸಾಮಾನು ಸಾಗಿಸುವುದು ಮುಂತಾದ ನಿಜ ಜೀವನದ ಕೆಲಸವನ್ನೇ ನೆಲದ ಮೇಲೆ ಹಾಸಿದ ಒಂದು ಶೀಟಿನ ಅಳತೆಗೆ ಇಳಿಸಿರುತ್ತಾರೆ. ಒಂದೇ ಸಲಕ್ಕೆ ಎಲ್ಲವನ್ನೂ ಮಾಡಿಸುವುದಿಲ್ಲ. ಕೆಲಸವನ್ನು ಟಾಸ್ಕ್‌ಗಳಾಗಿ ಒಡೆದಿರುತ್ತಾರೆ. ಒಂದು ಮುಗಿಸಿದ ಮೇಲೆ ಮುಂದಿನದು. ಕೋಡ್ ಕಳಿಸಬೇಕು, ಕೋಡಿನಲ್ಲಿ ಏನು ಮಾಡಿದ್ದೇವೆ ಎಂದು ವಿವರಿಸಬೇಕು, ರೋಬೋಟ್ ಓಡುವ ವಿಡಿಯೋ ಕಳಿಸಬೇಕು. ಫೈನಲ್ ತಲುಪಿದವರು ಐಐಟಿಗೆ ಹೋಗುತ್ತಾರೆ, ಗೆದ್ದವರಿಗೆ ಅಲ್ಲಿ ಬೇಸಿಗೆ ಇಂಟರ್ನ್‌ಶಿಪ್. ಇ-ಯಂತ್ರದಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆಯೇ. ಕಾಲೇಜಿನಲ್ಲಿ ಲ್ಯಾಬ್ ಮಾಡಲು ಮುಂದೆ ಬಂದ ಅಧ್ಯಾಪಕರಿಗೂ ಅವರು ತಂಡ ಕಟ್ಟಿಸಿ, ಟಾಸ್ಕ್ ಕೊಟ್ಟು, ಸ್ಪರ್ಧೆ ನಡೆಸಿದ್ದಾರೆ. ನಮ್ಮ ಸರ್, ಮೇಡಂಗಳು ನೆಲದ ಮೇಲೆ ಕೂತು ರೋಬೋಟ್ ಹಿಂದೆ ಓಡುವುದನ್ನು ಊಹಿಸಿಕೊಳ್ಳಿ.

ಇಷ್ಟೆಲ್ಲ ಓಡಾಟದಲ್ಲಿ ಏನು ಕಲಿಯುತ್ತಾರೆ? ಇಲ್ಲಿ ಸ್ವಲ್ಪ ನಿಂತು ನೋಡೋಣ. ನಾನು ಕಾಮರ್ಸ್, ಆದ್ದರಿಂದ ಇದನ್ನೆಲ್ಲ ನನಗೆ ಅರ್ಥಮಾಡಿಸಿದ್ದು ಎಂಜಿನಿಯರಿಂಗ್ ಓದುತ್ತಿರುವ ನನ್ನ ಆಪಾ, ಅಂದರೆ ದೊಡ್ಡ ಖಾಲಾರ ಮಗಳು. ನಮ್ಮ ಮನೆಯ ಉರ್ದುವಿನಲ್ಲಿ ಸೆನ್ಸರ್, ಇಂಟರಪ್ಟ್ ಎಂಬ ಪದಗಳು ಆಕೆಯಿಂದಲೇ ಬಂದು ಸೇರಿದವು.

ಎಲ್ಲರೂ ಮೊದಲು ಮಾಡುವುದು ಗೆರೆ ಹಿಡಿದು ಹೋಗುವ ರೋಬೋಟ್. ಬಿಳಿ ಹಲಗೆ, ಅದರ ಮೇಲೆ ಕಪ್ಪು ಟೇಪು. ರೋಬೋಟಿನ ಹೊಟ್ಟೆಯ ಕೆಳಗೆ ಮೂರು ಸೆನ್ಸರ್. ಅವು ಬೆಳಕು ಬಿಟ್ಟು, ತಿರುಗಿ ಬಂದದ್ದನ್ನು ಅಳೆಯುತ್ತವೆ. ಬಿಳಿ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ನುಂಗುತ್ತದೆ. ಆರ್ಡುಇನೊ ಉನೊ ಬೋರ್ಡಿನಲ್ಲಿ ಈ ಅಳತೆ 0ಯಿಂದ 1023ರ ನಡುವಿನ ಒಂದು ಸಂಖ್ಯೆಯಾಗಿ ಬರುತ್ತದೆ. ಎಷ್ಟಕ್ಕಿಂತ ಮೇಲಿದ್ದರೆ ಬಿಳಿ, ಎಷ್ಟಕ್ಕಿಂತ ಕೆಳಗಿದ್ದರೆ ಕಪ್ಪು? ಪುಸ್ತಕದಲ್ಲಿ ಉತ್ತರವಿಲ್ಲ. ನಿಮ್ಮ ಹಲಗೆ, ನಿಮ್ಮ ಟೇಪು, ನಿಮ್ಮ ಕೋಣೆಯ ಕಿಟಕಿ, ಇವೇ ಉತ್ತರ ಹೇಳಬೇಕು.

ನಡುವಿನ ಸೆನ್ಸರ್ ಕಪ್ಪು ಕಂಡರೆ ನೇರ ಹೋಗು, ಎಡದ್ದು ಕಂಡರೆ ಎಡಕ್ಕೆ ತಿರುಗು, ಬಲದ್ದು ಕಂಡರೆ ಬಲಕ್ಕೆ. ಇಷ್ಟು ಬರೆದರೆ ರೋಬೋಟ್ ಓಡುತ್ತದೆ, ಆದರೆ ತಲೆ ತಿರುಗಿದವರ ಹಾಗೆ ಅತ್ತಿತ್ತ ಓಲಾಡುತ್ತಾ ಓಡುತ್ತದೆ. ಸೈಕಲ್ ಕಲಿಯುವಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುತ್ತಿದ್ದೆವಲ್ಲ, ಹಾಗೆ. ಎಷ್ಟು ದಾರಿ ತಪ್ಪಿದೆಯೋ ಅದಕ್ಕೆ ತಕ್ಕಷ್ಟೇ ತಿರುಗಿಸಬೇಕು ಎಂಬುದು ಆಮೇಲೆ ಹೊಳೆಯುತ್ತದೆ. ಕಂಟ್ರೋಲ್ ಎಂಬ ವಿಷಯದ ಬಾಗಿಲು ಇದೇ. ತರಗತಿಯಲ್ಲಿ ಅದು ಸಮೀಕರಣವಾಗಿ ಬರುತ್ತದೆ. ಇಲ್ಲಿ, ಪಕ್ಕದ ತಂಡದ ರೋಬೋಟ್ ನಮ್ಮದಕ್ಕಿಂತ ಬೇಗ ಏಕೆ ಮುಗಿಸಿತು ಎಂಬ ಹೊಟ್ಟೆಕಿಚ್ಚಾಗಿ ಬರುತ್ತದೆ.

ಮುಂದಿನದು ತಿರುವು. ಹೊಸಬರು ಮೋಟಾರನ್ನು ಅರ್ಧ ಸೆಕೆಂಡ್ ಓಡಿಸಿದರೆ 90 ಡಿಗ್ರಿ ತಿರುಗುತ್ತದೆ ಎಂದು ಬರೆದುಬಿಡುತ್ತಾರೆ. ಬ್ಯಾಟರಿ ತುಂಬಿರುವಾಗ ಸರಿಯಾಗಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಇಳಿದಾಗ ಅದೇ ಅರ್ಧ ಸೆಕೆಂಡಿಗೆ 70 ಡಿಗ್ರಿಯೂ ತಿರುಗದೆ ಇರಬಹುದು. ಇದಕ್ಕೆ ಪರಿಹಾರ, ಸಮಯ ಎಣಿಸುವ ಬದಲು ಚಕ್ರ ಎಷ್ಟು ಉರುಳಿತು ಎಂದು ಎಣಿಸುವುದು. ಚಕ್ರದ ಜೊತೆ ತಿರುಗುವ, 20 ಸೀಳುಗಳಿರುವ ಒಂದು ತಟ್ಟೆ ಸಿಗುತ್ತದೆ. ಚಕ್ರದ ವ್ಯಾಸ 65 ಮಿಲಿಮೀಟರ್ ಇದ್ದರೆ ಸುತ್ತಳತೆ ಸುಮಾರು 20.4 ಸೆಂಟಿಮೀಟರ್. ಅಂದರೆ ಒಂದು ಸೀಳು ದಾಟಿದರೆ ಸುಮಾರು 1 ಸೆಂಟಿಮೀಟರ್ ಹೋದಂತೆ. ಎರಡು ಚಕ್ರಗಳ ನಡುವೆ 13 ಸೆಂಟಿಮೀಟರ್ ಅಂತರವಿದ್ದರೆ, ನಿಂತಲ್ಲೇ 90 ಡಿಗ್ರಿ ತಿರುಗಲು ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಲಾ 10.2 ಸೆಂಟಿಮೀಟರ್ ಉರುಳಬೇಕು, ಅಂದರೆ ಹತ್ತು ಸೀಳು. ಹತ್ತನೇ ತರಗತಿಯ ವೃತ್ತದ ಲೆಕ್ಕ! ಪರೀಕ್ಷೆ ಮುಗಿದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ ಎಂದು ಆಗ ನಮಗೆ ಯಾರಾದರೂ ತೋರಿಸಿದ್ದರೆ ಚೆನ್ನಾಗಿತ್ತು.

ಇನ್ನು ಅಡ್ಡ ಬಂದದ್ದನ್ನು ಕಾಣುವುದು. ಅಲ್ಟ್ರಾಸಾನಿಕ್ ಸೆನ್ಸರ್ ನಮಗೆ ಕೇಳಿಸದ ಸದ್ದನ್ನು ಕಳಿಸಿ, ಅದರ ಪ್ರತಿಧ್ವನಿಗೆ ಕಾಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಸೆಂಟಿಮೀಟರ್ ದೂರದ ಗೋಡೆಗೆ ಹೋಗಿ ಬರಲು ಒಂದು ಸೆಕೆಂಡಿನ ಸಾವಿರದ ಎರಡು ಭಾಗಕ್ಕಿಂತ ಕಡಿಮೆ ಸಾಕು. ನಮಗೆ ಅದು ಏನೂ ಅಲ್ಲ. ಆದರೆ 16 ಮೆಗಾಹರ್ಟ್ಸ್‌ನ ಮೈಕ್ರೊಕಂಟ್ರೋಲರಿನ ಗಡಿಯಾರ ಅಷ್ಟರಲ್ಲಿ ಸುಮಾರು 28,000 ಸಲ ಬಡಿದಿರುತ್ತದೆ. ಅಷ್ಟು ಹೊತ್ತು ಅದು ಸುಮ್ಮನೆ ಕಾಯುತ್ತಾ ಕೂತರೆ ಗೆರೆ ನೋಡುವವರು ಯಾರು? ಇದಕ್ಕೆ ಇಂಟರಪ್ಟ್ ಎಂಬ ಉಪಾಯವಿದೆ. ಅಕ್ಕಿ ಬೇಯಲು ಇಟ್ಟ ಮೇಲೆ ಅಮ್ಮಿ ಕುಕ್ಕರ್ ಎದುರೇ ನಿಂತಿರುವುದಿಲ್ಲ, ಬೇರೆ ಕೆಲಸ ಮಾಡುತ್ತಾರೆ, ಸೀಟಿ ಹೊಡೆದಾಗ ಬಂದು ನೋಡುತ್ತಾರೆ. ಇಂಟರಪ್ಟ್ ಎಂದರೆ ಆ ಸೀಟಿ.

ಇವೆಲ್ಲ ಪುಸ್ತಕದಲ್ಲೂ ಸಿಗುತ್ತವೆ ಎನ್ನಬಹುದು. ಪುಸ್ತಕದಲ್ಲಿ ಅಷ್ಟಾಗಿ ಸಿಗದ ಒಂದು ಕಾಟ ಹೇಳುತ್ತೇನೆ. ರೋಬೋಟ್ ಚೆನ್ನಾಗಿ ಹೊರಡುತ್ತದೆ, ನಾಲ್ಕು ಹೆಜ್ಜೆ ಹೋಗುತ್ತದೆ, ಎರಡೂ ಮೋಟಾರು ಒಮ್ಮೆಲೇ ಹಿಂದಕ್ಕೆ ತಿರುಗಬೇಕಾದಾಗ ಒಂದು ಕ್ಷಣ ಸತ್ತಂತಾಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಆಪಾಳ ತಂಡದವರು ಎರಡು ರಾತ್ರಿ ಕೋಡಿನ ಸಾಲು ಸಾಲನ್ನೂ ತಡಕಾಡಿದರಂತೆ. ಕೋಡ್ ಸರಿಯಿತ್ತು. ಮೋಟಾರು ಶುರುವಾಗುವಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಅದೇ ಬ್ಯಾಟರಿಯಿಂದ ನಡೆಯುವ ಮೈಕ್ರೊಕಂಟ್ರೋಲರ್ ರೀಸೆಟ್ ಆಗುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್ ಶುರುವಾದಾಗ ಮನೆಯ ಬಲ್ಬು ಮಂಕಾಗುವುದನ್ನು ಹಳ್ಳಿಯಿಂದ ಬರುವವರು ನೋಡಿರುತ್ತಾರೆ. ಅದೇ ಇದು. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಗ್ರೌಂಡ್ ಮಾತ್ರ ಒಂದು ಮಾಡಿದ ಮೇಲೆ ಕಾಟ ನಿಂತಿತು. ದೋಷ ಕೋಡಿನಲ್ಲೋ ತಂತಿಯಲ್ಲೋ ಚಕ್ರದಲ್ಲೋ ಎಂದು ಪತ್ತೆ ಹಚ್ಚುವ ಈ ಬುದ್ಧಿಯೇ ಎಂಬೆಡೆಡ್ ಕಲಿಕೆಯ ತಿರುಳು ಎಂದು ಆಪಾ ಹೇಳುತ್ತಾಳೆ.

6.270 ಕೋರ್ಸಿನ ಕಿಟ್ ರೂಪಿಸಿದವರಲ್ಲಿ ಒಬ್ಬರಾದ ಫ್ರೆಡ್ ಮಾರ್ಟಿನ್ ಅದರ ವಿದ್ಯಾರ್ಥಿಗಳನ್ನೇ ಗಮನಿಸುತ್ತಾ 1994ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಅಷ್ಟು ಬುದ್ಧಿವಂತರ ರೋಬೋಟುಗಳೂ ಲ್ಯಾಬಿನಲ್ಲಿ ಚೆನ್ನಾಗಿ ಓಡಿ, ಸ್ಪರ್ಧೆಯ ದಿನ ಎಡವುತ್ತಿದ್ದವು. ಅವರು ಕಂಡ ಕಾರಣ ಸರಳ. ವಿದ್ಯಾರ್ಥಿಗಳು ಜಗತ್ತು ತಮ್ಮ ಯೋಜನೆಯಂತೆಯೇ ಇರುತ್ತದೆ ಎಂದು ನಂಬಿ, ಇಷ್ಟು ದೂರ ಹೋಗು, ಇಷ್ಟು ತಿರುಗು, ಹಿಡಿ, ಬಾ ಎಂದು ಸಾಲಾಗಿ ಬರೆಯುತ್ತಿದ್ದರು. ನಡುವೆ ಚಕ್ರ ಸ್ವಲ್ಪ ಜಾರಿದರೆ, ಅದು ಜಾರಿದೆ ಎಂದು ರೋಬೋಟಿಗೆ ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ನಡುನಡುವೆ ಸೆನ್ಸರ್ ನೋಡಿ ತಿದ್ದಿಕೊಳ್ಳುವ ರೋಬೋಟುಗಳೇ ಹೆಚ್ಚು ಭರವಸೆಯವು.

ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪೇ ಇಲ್ಲ ಎಂದು ಅರ್ಥವಲ್ಲ ಎಂದು ಪಿಯುಸಿ ಮೊದಲ ವರ್ಷದಲ್ಲೇ ಕಲಿಯುತ್ತೇವೆ. ಒಂದು ಸಲ ಓಡಿದ ರೋಬೋಟ್ ತಾಳೆಯಾದ ಟ್ರಯಲ್ ಬ್ಯಾಲೆನ್ಸ್ ಇದ್ದಂತೆ. ಅಪರಿಚಿತ ಕೋಣೆಯಲ್ಲಿ, ಬೇರೆ ಬೆಳಕಿನಲ್ಲಿ, ನೂರು ಜನರ ಎದುರು ಓಡಿಸುವುದು ಆಡಿಟ್.

ಎಲ್ಲ ಸ್ಪರ್ಧೆಯೂ ಪಾಠವಾಗುವುದಿಲ್ಲ. ನಾನು ನೋಡಿದ ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಎರಡು ಬೇರೆ ಕಾಲೇಜುಗಳ ಮೇಜಿನ ಮೇಲೆ ಒಂದೇ ಅಂಗಡಿಯಿಂದ ತಂದ, ಒಂದೇ ಬಣ್ಣದ ರೋಬೋಟ್ ಇತ್ತು. ಇಬ್ಬರೂ ಒಂದೇ ವಾಕ್ಯಗಳಲ್ಲಿ ವಿವರಣೆ ಕೊಟ್ಟರು. ಸೆನ್ಸರ್ ತಂತಿ ಕಿತ್ತರೆ ಏನಾಗುತ್ತದೆ ಎಂದು ಕೇಳಿದಾಗ ಇಬ್ಬರೂ ತಮ್ಮ ಸರ್ ಕಡೆ ನೋಡಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಅಲ್ಲಿನ ನಿಯಮ, ಚೆಂದದ ಮಾಡೆಲ್‌ಗೆ ಬಹುಮಾನ ಎಂದಿತ್ತು. ಚೆಂದದ ಮಾಡೆಲ್ ಬಂತು.

ಹಾಗಾಗಿ ನಿಯಮ ಬರೆಯುವವರ ಹೊಣೆ ದೊಡ್ಡದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲರಿಗೂ ಒಂದೇ ಬಂಡವಾಳ. ಹಣವಿದ್ದವರು ಒಳ್ಳೆಯ ಮೋಟಾರು ತರುವಂತಿದ್ದರೆ ಗೆಲ್ಲುವುದು ಪರ್ಸ್. 2.70ರ ಗಂಟು, 6.270ರ ಕಿಟ್, ಇ-ಯಂತ್ರ ಕಳಿಸುವ ಪೆಟ್ಟಿಗೆ, ಮೂರರಲ್ಲೂ ಇದೇ ಲೆಕ್ಕಾಚಾರವಿದೆ. ಎರಡನೆಯದು, ಸೋತವರನ್ನು ಬೇಗ ಮನೆಗೆ ಕಳಿಸಬಾರದು. 6.270ರಲ್ಲಿ ಒಂದು ಸಲ ಸೋತ ಮಾತ್ರಕ್ಕೆ ಹೊರಗೆ ಹಾಕುತ್ತಿರಲಿಲ್ಲ, ಎರಡು ಸಲ ಸೋಲಬೇಕಿತ್ತು. ಮೊದಲ ಸೋಲು ಮತ್ತು ಎರಡನೇ ಆಟದ ನಡುವಿನ ಗಂಟೆಯಲ್ಲಿ ಕಲಿಯುವಷ್ಟು ಒಂದು ವಾರದ ತರಗತಿಯಲ್ಲೂ ಕಲಿಯಲಾರರು. ಕೋರ್ಸಿನ ಅಂಕವನ್ನು ಗೆಲುವಿಗೆ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ಗೆಲುವಿಗೆ ಕಪ್ ಕೊಡಲಿ. ಅಂಕವನ್ನು ದಿನಚರಿ ಪುಸ್ತಕಕ್ಕೆ ಕೊಡಲಿ, ಅಂದರೆ ಇಂದು ಏನು ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಯಾಯಿತು ಎಂದು ಬರೆದದ್ದಕ್ಕೆ. ಅದನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ.

ತಂಡದೊಳಗಿನ ಅನ್ಯಾಯ ಮಾತ್ರ ಕಿಟ್ ಕೊಟ್ಟರೂ ಹೋಗುವುದಿಲ್ಲ. ನಾಲ್ವರಲ್ಲಿ ಒಬ್ಬರು ಕೋಡ್ ಬರೆಯುತ್ತಾರೆ, ಒಬ್ಬರು ಬೆಸುಗೆ ಹಾಕುತ್ತಾರೆ, ಉಳಿದಿಬ್ಬರು ಚಾರ್ಟ್ ಬರೆಯುತ್ತಾರೆ. ಅಕ್ಷರ ಚೆನ್ನಾಗಿದೆ ಎಂದು ಚಾರ್ಟಿನ ಕೆಲಸ ಹೆಚ್ಚಾಗಿ ಹುಡುಗಿಯರ ಪಾಲಿಗೇ ಬರುತ್ತದೆ. ಇದಕ್ಕೂ ನಿಯಮವೇ ಮದ್ದು. ಯಾವ ಸದಸ್ಯರನ್ನು ಯಾವ ಭಾಗದ ಬಗ್ಗೆ ಬೇಕಾದರೂ ಕೇಳುತ್ತೇವೆ ಎಂದು ಮೊದಲೇ ಹೇಳಿಬಿಟ್ಟರೆ ಬೆಸುಗೆ ಕಡ್ಡಿ ಎಲ್ಲರ ಕೈಗೂ ಬರುತ್ತದೆ.

ಹುಡುಗಿಯರ ಮಾತು ಬಂದಾಗ ಅಫ್ಘಾನಿಸ್ತಾನದ ಹೆರಾತ್‌ನ ತಂಡವನ್ನು ನೆನೆಯಲೇಬೇಕು. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಫಸ್ಟ್ ಗ್ಲೋಬಲ್ ಎಂಬ ಸ್ಪರ್ಧೆ ಮೊದಲ ಸಲ ನಡೆಯಿತು. ಅಲ್ಲೂ ಎಲ್ಲ ದೇಶದ ತಂಡಗಳಿಗೆ ಒಂದೇ ಕಿಟ್. ಆರು ಅಫ್ಘನ್ ಹುಡುಗಿಯರಿಗೆ ಎರಡು ಸಲ ವೀಸಾ ನಿರಾಕರಿಸಲಾಯಿತು. ಸುದ್ದಿಯಾಗಿ ಗದ್ದಲವೆದ್ದ ಮೇಲೆ ಕೊನೆಯ ಗಳಿಗೆಯಲ್ಲಿ ಸಿಕ್ಕಿತು. ಧೈರ್ಯದ ಸಾಧನೆಗಾಗಿ ಬೆಳ್ಳಿ ಪದಕ ಪಡೆದು ಮರಳಿದರು. ಪದಕಕ್ಕಿಂತ ಮುಂದಿನ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ. 2020ರಲ್ಲಿ ಕೊರೊನಾ ಬಂದಾಗ ಹೆರಾತ್‌ನ ಅದೇ ಹುಡುಗಿಯರ ರೊಬೊಟಿಕ್ಸ್ ತಂಡ, ಹಳೆಯ ಟೊಯೊಟಾ ಕೊರೊಲಾ ಕಾರಿನ ಭಾಗಗಳನ್ನು ಬಳಸಿ ಕಡಿಮೆ ಖರ್ಚಿನ ವೆಂಟಿಲೇಟರ್ ತಯಾರಿಸಲು ಹೊರಟಿತು. ಮೋಟಾರು, ಸೆನ್ಸರ್, ಸಮಯಕ್ಕೆ ಸರಿಯಾಗಿ ನಡೆಯಬೇಕಾದ ಒಂದು ಚಿಕ್ಕ ಕಂಪ್ಯೂಟರ್, ವೆಂಟಿಲೇಟರ್ ಕೂಡ ಎಂಬೆಡೆಡ್ ಸಿಸ್ಟಮ್ಮೇ ಅಲ್ಲವೇ.

ನಮ್ಮ ಕಾಲೇಜಿನಲ್ಲಿ ಇದು ಆಗುತ್ತದೆಯೇ? ಇ-ಯಂತ್ರ ಸ್ಪರ್ಧೆ ಪದವಿ, ಡಿಪ್ಲೊಮಾ ಓದುವವರಿಗೆ, ಪಿಯುಸಿಯವರಿಗಲ್ಲ. ಆದರೆ ಚಿಕ್ಕದೊಂದು ನಮ್ಮದೇ ಸ್ಪರ್ಧೆಗೆ ಬೇಕಾದದ್ದು ಬಹಳವಿಲ್ಲ. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಲಗೆ, ಬಿಳಿ ಬಣ್ಣ, ಕಪ್ಪು ಟೇಪು, ಆರು ಒಂದೇ ಬಗೆಯ ಕಿಟ್. ಕಿಟ್ ಕಾಲೇಜಿನದು, ತಂಡದವರು ಬಳಸಿ ಹಿಂದಿರುಗಿಸಬೇಕು. ಮುಂದಿನ ವರ್ಷ ಹೊಸ ಆರು ತಂಡ. ಪರೀಕ್ಷೆಗೆ ಅಡ್ಡಿಯಾಗದಂತೆ ದಸರಾ ರಜೆಯ ನಂತರದ ನಾಲ್ಕು ಶನಿವಾರ ಮಧ್ಯಾಹ್ನ, ಜುಹರ್ ನಮಾಜಿನ ಮೇಲೆ ಎರಡು ಗಂಟೆ. ಫಿಸಿಕ್ಸ್ ಲ್ಯಾಬಿನ ಮೇಜುಗಳು ಆಗ ಖಾಲಿಯೇ ಇರುತ್ತವೆ. ಪ್ರತಿ ತಂಡದಲ್ಲಿ ಸೈನ್ಸ್‌ನವರು ಇಬ್ಬರು, ಕಾಮರ್ಸ್ ಅಥವಾ ಆರ್ಟ್ಸ್‌ನವರು ಇಬ್ಬರು ಇರಲಿ ಎಂಬುದು ನನ್ನ ಸಲಹೆ. ನಮ್ಮನ್ನು ಬರೀ ಲೆಕ್ಕ ಬರೆಯಲು ಕೂರಿಸಬಾರದು. ಆದರೂ ಲೆಕ್ಕ ಯಾರಾದರೂ ಬರೆಯಲೇಬೇಕಲ್ಲ. ಹೋದ ತಿಂಗಳು ಆಪಾಳ ಜೊತೆ ಅಂಗಡಿಗೆ ಹೋಗಿ ಎರಡು ಮೋಟಾರು, ಮೋಟಾರ್ ಡ್ರೈವರ್, ಮೂರು ಸೆನ್ಸರ್, ಬೋರ್ಡ್, ಬ್ಯಾಟರಿ ಡಬ್ಬಿ, ತಂತಿ ಎಲ್ಲದರ ಬೆಲೆ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಆ ಹಾಳೆ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿದೆ. ಅದಕ್ಕಿಂತ ಕಡಿಮೆಗೆ ಎಲ್ಲಿ ಸಿಗುತ್ತದೆ ಎಂದು ಗೊತ್ತಿರುವವರು ಪಕ್ಕದಲ್ಲೇ ಬರೆಯಿರಿ, ತಂಡ ಸೇರುವವರು ಕೆಳಗೆ ಹೆಸರು ಬರೆಯಿರಿ.